ಓಸಿ ಕೊಡಿಸಿ, ಇಲ್ಲಾಂದ್ರೆ ಕಾರಣ ಬರೆದು ಕೊಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗೆ ಇರಲಿಕ್ಕಿಲ್ಲ. ಆದರೆ ನನ್ನ ಶೆಡ್ ನಿಮಗೆ ಗೊತ್ತು. ಹೈವೇಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಕೆರೆ ಏರಿ ದಾಟಿದ ಮೇಲೆ ಸಿಗುವ ನೀಲಿ ಶೀಟಿನ ಹೊಸ ಕಟ್ಟಡ. ಹೋದ ವರ್ಷ ಕಾರ್ತಿಕ ಮಾಸದಲ್ಲಿ ಅದರ ಪೂಜೆಗೆ ನೀವೇ ಬಂದಿದ್ದಿರಿ. ಟೇಪು ಕತ್ತರಿಸಿ, ಕಾಫಿ ಕುಡಿದು, "ಇಂಥ ಹತ್ತು ಶೆಡ್ ಬರಬೇಕು ನಮ್ಮೂರಿಗೆ, ಹುಡುಗರಿಗೆ ಕೆಲಸ ಸಿಗುತ್ತೆ" ಅಂದಿರಿ. ಅವತ್ತು ನಿಮ್ಮ ಕೊರಳಿಗೆ ಹಾರ ಹಾಕಿದವರು ಶೆಡ್ಡಿನ ಮಾಲೀಕರು. ಅವರ ಹಿಂದೆ ಲಾಡಿನ ಪೆಟ್ಟಿಗೆ ಹಿಡಿದು ನಿಂತಿದ್ದ ಬಾಡಿಗೆದಾರ ನಾನು.

ಆ ಶೆಡ್ಡಿಗೆ ಇನ್ನೂ ಕರೆಂಟ್ ಬಂದಿಲ್ಲ ಸಾರ್.

ಕೀಲಿ ಕೈಗೆ ಬಂದು ಏಳು ತಿಂಗಳಾಯಿತು. ಕರೆಂಟ್ ಕೊಡುವವರು ಓಸಿ ತನ್ನಿ ಅಂತಾರೆ, ಅಂದರೆ ಕಟ್ಟಡ ನಕ್ಷೆ ಪ್ರಕಾರ ಇದೆ, ಬಳಸಬಹುದು ಅನ್ನೋ ಸರ್ಟಿಫಿಕೇಟ್. ಓಸಿ ಕೊಡುವವರು ಫೈಲ್ ಮೇಲೆ ಹೋಗಿದೆ ಅಂತಾರೆ. ಆ ಆಫೀಸಿಗೆ ಇರೋದು ಒಂದೇ ಅಂತಸ್ತು. ಮೇಲೆ ಏನಿದೆ ಅಂತ ಒಂದು ದಿನ ಮೆಟ್ಟಿಲು ಹತ್ತಿ ನೋಡಿದೆ. ನೀರಿನ ಟ್ಯಾಂಕ್ ಇದೆ.

ಪತ್ರ ಪೂರ್ತಿ ಓದೋಕೆ ನಿಮಗೆ ಪುರುಸೊತ್ತು ಇರಲ್ಲ, ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಶೆಡ್ಡಿಗೆ ಓಸಿ ಕೊಡಿಸಿ. ಕೊಡೋಕೆ ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಒಂದು ಹಾಳೆಯಲ್ಲಿ ಬರೆದು, ಸೀಲ್ ಹಾಕಿ ಕೊಡಿಸಿ.

2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರು ಇಲ್ಲ ಅಂತ ಆಯಿತು. ಅದಕ್ಕೆ ನನ್ನ ತಕರಾರಿಲ್ಲ. ನಕ್ಷೆ ಮೀರಿ ಕಟ್ಟುವವರಿಗೆ ಬಿಸಿ ಮುಟ್ಟಲಿ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಕಟ್ಟಡ ನೋಡಿ, ಸರಿಯಿದ್ದರೆ ಸುಮ್ಮಸುಮ್ಮನೆ ತಡ ಮಾಡದೆ ಸರ್ಟಿಫಿಕೇಟ್ ಕೊಡಿ ಅಂತ. ಮೊದಲ ಮಾತನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಎರಡನೇ ಮಾತು ಬರುವ ಪುಟ ನಮ್ಮೂರಿನ ಆಫೀಸಿಗೆ ತಲುಪಿಲ್ಲ ಅನ್ನಿಸುತ್ತೆ.

2025ರ ಅಕ್ಟೋಬರ್‌ನಲ್ಲಿ 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿಯಿಂದ ವಿನಾಯಿತಿ ಸಿಕ್ಕಿತು. ಒಳ್ಳೆಯದೇ ಆಯಿತು. ನಮ್ಮದು 8,000 ಚದರಡಿ, ಅದೂ ಫ್ಯಾಕ್ಟರಿ. ನಾನು ವಿನಾಯಿತಿ ಕೇಳುತ್ತಿಲ್ಲ. ಸರ್ಟಿಫಿಕೇಟ್ ಕೇಳುತ್ತಿದ್ದೇನೆ.

ನಾನು ಇಲ್ಲಿಗೆ ಯಾಕೆ ಬಂದೆ ಅಂತಲೂ ಹೇಳುತ್ತೇನೆ. ಹದಿನಾರು ವರ್ಷ ಪೀಣ್ಯದಲ್ಲಿ ಇದ್ದೆ. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಎಲ್ಲಾ ಲೋಹ ಕೊರೆಯುವ ಮಷೀನುಗಳು), ಹದಿನಾಲ್ಕು ಜನ ಹುಡುಗರು. ಪಂಪಿನ ಬಿಡಿಭಾಗಗಳ ಜಾಬ್ ವರ್ಕ್. ಆಸ್ಬೆಸ್ಟಾಸ್ ಶೀಟಿನ ಹಳೇ ಶೆಡ್. ಮಳೆ ಬಂದರೆ ಮಷೀನಿಗೆ ಟಾರ್ಪಾಲು ಹೊದಿಸಿ, ಕೂಲೆಂಟ್ ಟ್ಯಾಂಕಿಗೆ ಮಳೆನೀರು ಬೀಳದ ಹಾಗೆ ಬಕೆಟ್ ಇಟ್ಟು ಕೂರುತ್ತಿದ್ದೆವು. ಆಮೇಲೆ ನಮಗೆ ಆರ್ಡರ್ ಕೊಡುವ ಕಂಪನಿಯವರು, ಮೂವತ್ತು ದಿನದ ಸ್ಟಾಕ್ ನಿಮ್ಮಲ್ಲೇ ಇರಬೇಕು, ಇಲ್ಲಾಂದ್ರೆ ಬೇರೆಯವರನ್ನು ನೋಡಿಕೊಳ್ತೀವಿ ಅಂದರು. ಪೀಣ್ಯದ ಶೆಡ್ಡಿನಲ್ಲಿ ಮೂವತ್ತು ದಿನದ ಸ್ಟಾಕ್ ಇರಲಿ, ಮೂವತ್ತು ಚಪ್ಪಲಿ ಬಿಡೋಕೂ ಜಾಗ ಇರಲಿಲ್ಲ. ಹಾಗಾಗಿ ಅರ್ಧ ಗೋಡೌನ್, ಅರ್ಧ ಮಷೀನ್ ಶಾಪ್ ಮಾಡಬಹುದಾದ ಈ ಹೊಸ ಶೆಡ್ ನೋಡಿದೆ.

ಶೆಡ್ ಚೆನ್ನಾಗಿದೆ. ಅದರಲ್ಲಿ ಸುಳ್ಳು ಹೇಳಲ್ಲ. ನೆಲ ಕನ್ನಡಿ ಹಾಗಿದೆ, ಎತ್ತರ ಇದೆ, ಗಾಳಿ ಆಡುತ್ತೆ. ಚದರಡಿಗೆ 24 ರೂಪಾಯಿ ಅಂತ ಮಾತಾಯಿತು. ತಿಂಗಳಿಗೆ 1,92,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆರು ತಿಂಗಳ ಅಡ್ವಾನ್ಸ್. ಮೂರು ವರ್ಷ ಲಾಕ್-ಇನ್, ಅಂದರೆ ನಾನು ನಡುವೆ ಬಿಟ್ಟು ಹೋದರೂ ಉಳಿದ ಬಾಡಿಗೆ ಕಟ್ಟಲೇಬೇಕು. ಮೊದಲ ತಿಂಗಳು ಬಾಡಿಗೆ ಇಲ್ಲ, ಮಷೀನ್ ಕೂರಿಸಿಕೊಳ್ಳಿ ಅಂದರು. ಕರೆಂಟ್ ಹದಿನೈದು ದಿನದಲ್ಲಿ ಬರುತ್ತೆ ಅಂತ ಮಾಲೀಕರು ಅಂದರು. ಅವರೂ ನಂಬಿದ್ದರು, ನಾನೂ ನಂಬಿದೆ. ಕರೆಂಟ್ ಬಂದ ದಿನದಿಂದ ಬಾಡಿಗೆ ಶುರು ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಬೇಕಿತ್ತು. ಬರೆಸಲಿಲ್ಲ. ಕೀಲಿ ಕೊಟ್ಟ ದಿನದಿಂದ ಲೆಕ್ಕ ಅಂತ ಬರೆದಿತ್ತು, ಸಹಿ ಹಾಕಿದೆ. ಹೊಸ ಶೆಡ್ ಬಾಡಿಗೆಗೆ ಹಿಡಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಒಂದು ಸಾಲು ಬರೆಸಿಕೊಳ್ಳಿ.

ಮಾಲೀಕರನ್ನು ಬೈಯೋಕೂ ಮನಸ್ಸು ಬರಲ್ಲ. ರಾಗಿ ಬೆಳೆಯುತ್ತಿದ್ದ ಜಮೀನಿಗೆ ಕನ್ವರ್ಷನ್ ಮಾಡಿಸಿ, ಬ್ಯಾಂಕ್ ಸಾಲ ಮಾಡಿ ಕಟ್ಟಿದ್ದಾರೆ. ನಾನು ಬಾಡಿಗೆ ನಿಲ್ಲಿಸಿದರೆ ಅವರ ಕಂತು ನಿಲ್ಲುತ್ತೆ. ಇಬ್ಬರೂ ಒಂದೇ ಬೈಕಿನಲ್ಲಿ ಆಫೀಸಿಗೆ ಹೋಗಿ, ಒಂದೇ ಬೆಂಚಿನ ಮೇಲೆ ಕೂತು, ಒಂದೇ ಉತ್ತರ ಕೇಳಿಸಿಕೊಂಡು ಬರುತ್ತೇವೆ.

ಈಗ ರ‍್ಯಾಂಪಿನ ಕಥೆ. ಇದನ್ನು ಸ್ವಲ್ಪ ಸಮಾಧಾನವಾಗಿ ಓದಿ ಸಾರ್.

ನಮ್ಮ ಶೆಡ್ಡಿನ ನೆಲ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರ. ಫೋರ್ಕ್‌ಲಿಫ್ಟ್ ಹತ್ತಿ ಇಳಿಯೋಕೆ ಶಟರ್ ಮುಂದೆ ಕಾಂಕ್ರೀಟ್ ರ‍್ಯಾಂಪ್ ಇತ್ತು. ಜನವರಿಯಲ್ಲಿ ಒಬ್ಬರು ಇನ್‌ಸ್ಪೆಕ್ಷನ್‌ಗೆ ಬಂದರು. ಟೇಪ್ ತಂದಿರಲಿಲ್ಲ. ನಮ್ಮ ಟೇಪ್ ಕೊಟ್ಟೆವು. ಒಂದು ಕಡೆ ನಮ್ಮ ಹುಡುಗ ಹಿಡಿದ, ಇನ್ನೊಂದು ಕಡೆ ಅವರು. "ರ‍್ಯಾಂಪ್ ಸೆಟ್‌ಬ್ಯಾಕ್ ಒಳಗೆ ಒಂಬತ್ತು ಇಂಚು ಬಂದಿದೆ, ಒಡೀರಿ" ಅಂದರು. ಸೆಟ್‌ಬ್ಯಾಕ್ ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ. ಬರೆದು ಕೊಡಿ ಸಾರ್ ಅಂದೆ. "ಬರೆದರೆ ನಿಮಗೇ ಕಷ್ಟ. ಒಡೆದು ಫೋಟೋ ವಾಟ್ಸಾಪ್ ಮಾಡಿ, ಸಾಕು" ಅಂದರು. ಬರೀ ಒಂಬತ್ತು ಇಂಚು ಕತ್ತರಿಸಿದರೆ ಇಳಿಜಾರು ಕಡಿದಾಗಿ ಫೋರ್ಕ್‌ಲಿಫ್ಟ್ ಮಗುಚುತ್ತೆ ಅಂತ ಮೇಸ್ತ್ರಿ ಹೇಳಿದ. ಸರಿ, ಪೂರ್ತಿ ಒಡೆಸಿದೆ. ಬ್ರೇಕರ್ ಬಾಡಿಗೆಗೆ ತಂದು, ಅದನ್ನೂ ಡೀಸೆಲ್ ಜನರೇಟರ್‌ನಲ್ಲೇ ಓಡಿಸಿ, ಎರಡು ದಿನ ಒಡೆದೆವು. ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು. ಇನ್ನೇನೂ ಬರಲಿಲ್ಲ.

ಐದು ವಾರ ಬಿಟ್ಟು ಬೇರೊಬ್ಬರು ಬಂದರು. ಮೊದಲಿನವರಿಗೆ ವರ್ಗಾವಣೆ ಆಗಿತ್ತಂತೆ. ಇವರು ನಕ್ಷೆ ಬಿಡಿಸಿ ಮಷೀನಿನ ಮೇಲೆ ಹರಡಿದರು. ಶಟರ್ ಕಡೆ ನೋಡಿದರು. ನಕ್ಷೆ ನೋಡಿದರು. "ರ‍್ಯಾಂಪ್ ಎಲ್ಲಿ?" ಅಂದರು.

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಕಾಂಪೌಂಡ್ ಪಕ್ಕ ಗುಡ್ಡೆ ಹಾಕಿದ್ದ ಕಾಂಕ್ರೀಟ್ ತುಂಡುಗಳನ್ನು ತೋರಿಸಿದೆ. "ಇದೇ ಸಾರ್ ರ‍್ಯಾಂಪ್." ವಾಟ್ಸಾಪ್ ಫೋಟೋನೂ ತೋರಿಸಿದೆ. "ಅವರು ಹೇಳಿದ್ದು ನನಗೆ ಗೊತ್ತಿಲ್ಲ. ಮಂಜೂರಾದ ನಕ್ಷೆಯಲ್ಲಿ ರ‍್ಯಾಂಪ್ ಇದೆ, ಸ್ಥಳದಲ್ಲಿ ಇಲ್ಲ" ಅಂತ ಫೈಲಿನಲ್ಲಿ ಬರೆದುಕೊಂಡರು. ನಕ್ಷೆಗೂ ಕಟ್ಟಡಕ್ಕೂ ತಾಳೆ ಆಗ್ತಿಲ್ಲ ಅಂತ. ಕಾಪಿ ಕೊಡಿ ಅಂದರೆ ಆರ್‌ಟಿಐ ಹಾಕಿ ಅಂದರು. ಹಾಕಿದೆ. ಮೂವತ್ತು ದಿನ ಪೂರ್ತಿ ಮುಗಿಸಿ ಉತ್ತರ ಕಳಿಸಿದರು: "ಕಡತವು ಪರಿಶೀಲನೆಯಲ್ಲಿದೆ."

ಈಗ ನಮ್ಮ ಫೋರ್ಕ್‌ಲಿಫ್ಟ್ ಶೆಡ್ಡಿನ ಒಳಗೇ ಸಿಕ್ಕಿಹಾಕಿಕೊಂಡಿದೆ. ಮನೆದೇವರ ಹಾಗೆ ದಿನಾ ಒರೆಸಿ ಇಡುತ್ತೇವೆ. ಲಾರಿ ಬಂದರೆ ಎರಡು ಹಲಗೆ ಹಾಕಿ ಮೂವತ್ತೈದು ಕೆಜಿಯ ಕ್ರೇಟುಗಳನ್ನು ಹುಡುಗರು ಭುಜದ ಮೇಲೆ ಹೊತ್ತು ಇಳಿಸುತ್ತಾರೆ. ಮಳೆ ಶುರುವಾಗಿದೆ, ಹಲಗೆ ಜಾರುತ್ತೆ. ಹೋದ ವಾರ ರಾಯಚೂರಿನ ಒಬ್ಬ ಹುಡುಗ ಬಿದ್ದ. ಮಂಡಿ ತರಚಿತು, ಅಷ್ಟೇ. ಪುಣ್ಯ.

ಡೀಸೆಲ್ ಲೆಕ್ಕ ಕೇಳಿ. ಬಾಡಿಗೆ ಜನರೇಟರ್ ಗಂಟೆಗೆ ಹದಿನೈದು ಲೀಟರ್ ಕುಡಿಯುತ್ತೆ. ಎಂಟು ಗಂಟೆಗೆ 120 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ದಿನಕ್ಕೆ 10,800. ಮೂರು ಮಷೀನ್ ಒಟ್ಟಿಗೆ ಓಡಿಸೋಕೆ ಧೈರ್ಯ ಬರಲ್ಲ. ಮಾರ್ಚ್‌ನಲ್ಲಿ ಕಂಪನಿಯವರು ಆಡಿಟ್‌ಗೆ ಬಂದಾಗ ಓಡಿಸಿದೆ. ಅವರ ಕಣ್ಣ ಮುಂದೆಯೇ ವೋಲ್ಟೇಜ್ ಬಿದ್ದು, ಸ್ಪಿಂಡಲ್ ಅಲಾರಂ ಹೊಡೆದು, ಲೇತಿನಲ್ಲಿದ್ದ ಪೀಸ್ ಸ್ಕ್ರಾಪ್ ಆಯಿತು. ಅವರು ಏನೂ ಅನ್ನಲಿಲ್ಲ. ಡೈರಿಯಲ್ಲಿ ಏನೋ ಬರೆದುಕೊಂಡರು. ಕಟ್ಟಡ ಕಟ್ಟುವಾಗ ತಗೊಂಡಿದ್ದ ತಾತ್ಕಾಲಿಕ ಕರೆಂಟ್ ಇದೆಯಲ್ಲ, ಅದರಲ್ಲೇ ಓಡಿಸಿ ಅಂತ ಬುದ್ಧಿ ಹೇಳುವವರೂ ಇದ್ದಾರೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ನಿಮಗೆ ಗೊತ್ತಿರುತ್ತೆ. ಕಟ್ಟೋಕೆ ಅಂತ ತಗೊಂಡ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸಿ ಸಿಕ್ಕಿಬಿದ್ದರೆ ದುಪ್ಪಟ್ಟು ದರ. ಕಾನೂನು ಪಾಲಿಸುವವನು ಡೀಸೆಲ್ ಸುಡಬೇಕು, ಅಲ್ವಾ?

ಬಾಡಿಗೆ ಆರು ತಿಂಗಳದ್ದು ಜಿಎಸ್‌ಟಿ ಸೇರಿ 13,59,360 ರೂಪಾಯಿ ಹೋಗಿದೆ. ಜಿಎಸ್‌ಟಿಗೆ ಇನ್‌ಪುಟ್ ಸಿಗುತ್ತಲ್ಲ, ಕಟ್ಟಿದ್ದನ್ನು ನಿಮ್ಮ ಬಿಲ್ಲಿನ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಮಾಲು ಮಾಡಿ ಬಿಲ್ ಹಾಕಿದರೆ ತಾನೇ ಇನ್‌ಪುಟ್ ಉಪಯೋಗಕ್ಕೆ ಬರೋದು? ಹೆಂಡತಿಯ ಒಡವೆ ಎಲ್ಲಿದೆ ಅಂತ ಈ ಪತ್ರದಲ್ಲಿ ಬರೆಯಲ್ಲ. ಅವಳೂ ಓದುತ್ತಾಳೆ.

ಒಂದು ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಅಂತ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿದೆವು. ಸ್ಟಾಂಪ್ ಡ್ಯೂಟಿ ತಗೊಂಡರು, ಓಸಿ ಕೇಳಲಿಲ್ಲ. ತಿಂಗಳು ತಿಂಗಳು ಜಿಎಸ್‌ಟಿ ಹೋಗುತ್ತೆ, ಓಸಿ ಕೇಳಲ್ಲ. ಇನ್ನು ಆಸ್ತಿ ತೆರಿಗೆ. ಓಸಿ ಕೊಡಬೇಕಾದ ಅದೇ ಆಫೀಸಿನಿಂದಲೇ ಮಾಲೀಕರಿಗೆ ಡಿಮ್ಯಾಂಡ್ ಬಂದಿದೆ. ಅದರಲ್ಲಿ "ಪೂರ್ಣಗೊಂಡ ಕೈಗಾರಿಕಾ ಕಟ್ಟಡ" ಅಂತ ಬರೆದಿದ್ದಾರೆ. ತೆರಿಗೆ ಟೇಬಲ್‌ನಲ್ಲಿ ಪೂರ್ಣಗೊಂಡ ಕಟ್ಟಡ, ಮೂರು ಕುರ್ಚಿ ದಾಟಿದರೆ ಪೂರ್ಣ ಆಗಿಲ್ಲ. ಆ ಡಿಮ್ಯಾಂಡ್ ನೋಟೀಸನ್ನೇ ಓಸಿ ಅಂತ ಒಪ್ಪಿಕೊಳ್ಳಿ ಅಂತ ನಾನು ತಮಾಷೆಗೆ ಕೇಳಿದೆ. ಅಲ್ಲಿ ಯಾರೂ ನಗಲಿಲ್ಲ.

ಮೊದಲು ಕೆಲಸ ಶುರು ಮಾಡಿ, ಅನುಮತಿಗಳನ್ನು ಮೂರು ವರ್ಷದೊಳಗೆ ತಗೊಳ್ಳಿ ಅಂತ 2020ರಲ್ಲಿ ಕೈಗಾರಿಕಾ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದವರು ನೀವುಗಳೇ. ಅದನ್ನು ಕೌಂಟರ್‌ನಲ್ಲಿ ಹೇಳಿದರೆ, "ಅದು ಬೇರೆ ಇಲಾಖೆದು ಸಾರ್" ಅಂತಾರೆ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ ಆಯಿತು. 10.27 ಲಕ್ಷ ಕೋಟಿ ಅಂತ ಪೇಪರಿನಲ್ಲಿ ಓದಿದೆ. ಅನುಮತಿಗಳೆಲ್ಲ ಒಂದೇ ಕಡೆ ಸಿಗಲಿ ಅಂತ ಕೃತಕ ಬುದ್ಧಿಮತ್ತೆ ಇರುವ ಏಕಗವಾಕ್ಷಿ ಪೋರ್ಟಲ್ ಕೂಡ ಬಂತು. ಸಂತೋಷ. ನಮ್ಮೂರಿನ ಗವಾಕ್ಷಿಗೆ ಬುದ್ಧಿಮತ್ತೆ ಬೇಡ ಸಾರ್, ಹನ್ನೊಂದು ಗಂಟೆಗೆ ಒಬ್ಬರು ಬಂದು ಕೂತರೆ ಸಾಕು.

ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಇರುವ 'ಸಕಾಲ' ಯೋಜನೆಯಲ್ಲಿ ದೂರು ಹಾಕಿ, ತಡ ಆದರೆ ಪರಿಹಾರ ಸಿಗುತ್ತೆ ಅಂತ ನಿಮ್ಮ ಪಿಎ ಫೋನಿನಲ್ಲಿ ಹೇಳಿದರು. ಹನ್ನೊಂದನೇ ಸಲಕ್ಕೆ ಫೋನ್ ಎತ್ತಿದ್ದರು, ಅದಕ್ಕೆ ಥ್ಯಾಂಕ್ಸ್. 2011ರ ಆ ಕಾಯ್ದೆಯಲ್ಲಿ ಪರಿಹಾರ ಎಷ್ಟು ಅಂತ ನೋಡಿದೆ. ದಿನಕ್ಕೆ 20 ರೂಪಾಯಿ. ಎಷ್ಟೇ ತಡ ಆದರೂ 500 ದಾಟಲ್ಲ. ನನ್ನ ಜನರೇಟರ್ 500 ರೂಪಾಯಿಗೆ ಇಪ್ಪತ್ತೆರಡು ನಿಮಿಷ ಓಡುತ್ತೆ.

ಮತ್ತೆ ಕೇಳುತ್ತೇನೆ. ಓಸಿ ಕೊಡಿಸಿ. ಆಗಲ್ಲ ಅಂದರೆ ಕಾರಣ ಬರೆದು ಕೊಡಿಸಿ. ಬರೆದು ಕೊಟ್ಟರೆ ಸರಿ ಮಾಡಬಹುದು, ಮೇಲ್ಮನವಿ ಹಾಕಬಹುದು, ಕೋರ್ಟಿಗೆ ಹೋಗಬಹುದು. "ಮೇಲೆ ಹೋಗಿದೆ" ಅನ್ನೋ ಮಾತನ್ನು ಹಿಡಿದುಕೊಂಡು ನಾನು ಯಾವ ಕೋರ್ಟಿಗೆ ಹೋಗಲಿ? ನಿಮಗೆ ಇದು ಒಂದು ಫೋನಿನ ಕೆಲಸ ಅಂತ ಊರೆಲ್ಲ ಹೇಳುತ್ತೆ. ಆದರೆ ನನಗೆ ಫೋನಿನ ಓಸಿ ಬೇಡ. ಫೋನಿನ ಮೇಲೆ ಕೊಟ್ಟಿದ್ದನ್ನು ನಾಳೆ ಇನ್ನೊಬ್ಬರು ಬಂದು ಫೋನಿನ ಮೇಲೇ ವಾಪಸ್ ತಗೊಳ್ತಾರೆ. ನಿಯಮದ ಪ್ರಕಾರ ಕೊಡಿಸಿ. ನಿಯಮದ ಪ್ರಕಾರ ಇಲ್ಲ ಅಂದರೆ ಅದನ್ನು ಬರೆಸಿ ಕೊಡಿಸಿ.

ಸೋಮವಾರ ಹತ್ತೂವರೆಗೆ ನಾನು ಮತ್ತು ಮಾಲೀಕರು ನಿಮ್ಮ ಕಚೇರಿಗೆ ಬರುತ್ತೇವೆ. ಹಾರ ತರಲ್ಲ. ನಕ್ಷೆ, ಆಸ್ತಿ ತೆರಿಗೆ ನೋಟೀಸು, ಡೀಸೆಲ್ ಬಿಲ್ಲುಗಳ ಕಟ್ಟು ತರುತ್ತೇವೆ. ನೀವು ಊರಲ್ಲಿ ಇರಲ್ಲ ಅಂದರೆ ಪಿಎ ಕೈಲಿ ಹೇಳಿಸಿ, ಮಂಗಳವಾರ ಬರುತ್ತೇವೆ. ಬುಧವಾರವೂ ಬರುತ್ತೇವೆ. ಹೇಗೂ ಮಷೀನ್ ನಿಂತಿದೆ.

ಇಂತಿ,
ನೀವು ಟೇಪು ಕತ್ತರಿಸಿದ ಶೆಡ್ಡಿನ ಬಾಡಿಗೆದಾರ

ತಾ.ಕ.: ರ‍್ಯಾಂಪನ್ನು ಮತ್ತೆ ಕಟ್ಟಬೇಕೋ ಬೇಡವೋ, ಕಟ್ಟಿದರೆ ಎಷ್ಟು ಇಂಚು, ಅದನ್ನೂ ಅದೇ ಹಾಳೆಯಲ್ಲಿ ಬರೆಸಿಬಿಡಿ. ಮೇಸ್ತ್ರಿ ಕೇಳುತ್ತಿದ್ದಾನೆ.