ಕಂಡೆನ್ಸೇಟ್ ರಿಟರ್ನ್ ಲೆಕ್ಕ ತಪ್ಪಿದೆ, ವರದಿ ತಿದ್ದಿಕೊಡಿ

ಇವರಿಗೆ,
ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಸ್ಟೀಮ್ ಆಡಿಟ್ ವರದಿಯ ಶೇ. 85 ಕಂಡೆನ್ಸೇಟ್ ರಿಟರ್ನ್ ಮತ್ತು ಅದರ ಮೇಲೆ ಇಟ್ಟ ಬ್ಲೋಡೌನ್ ಸೆಟ್ಟಿಂಗ್ ಬಗ್ಗೆ ದೂರು

ಮಾನ್ಯರೇ,

ನಮ್ಮ ಬಾಯ್ಲರ್‌ಗೆ ಶೇ. 85ರಷ್ಟು ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ವಾಪಸ್ ಬರುತ್ತಿದೆ ಎಂದು ನಿಮ್ಮ ಎಂಜಿನಿಯರ್ ವರದಿ ಕೊಟ್ಟಿದ್ದಾರೆ. ಅದೇ ಅಂಕಿ ಇಟ್ಟುಕೊಂಡು ಬ್ಲೋಡೌನ್ (ಲವಣ ಹೆಚ್ಚಾಗದಂತೆ ಬಾಯ್ಲರ್ ನೀರನ್ನು ಸ್ವಲ್ಪ ಸ್ವಲ್ಪ ಹೊರಬಿಡುವುದು) ಇಳಿಸಿಯೂ ಹೋಗಿದ್ದಾರೆ. ಆ ಅಂಕಿ ತಪ್ಪು.

ಅವರು ಹಿಡಿದದ್ದು ಬರೀ ಉಷ್ಣತೆಯ ಲೆಕ್ಕ. ಮೇಕಪ್ ನೀರು (ಹೊಸದಾಗಿ ಸೇರಿಸುವ ನೀರು) 30 ಡಿಗ್ರಿ, ಕಂಡೆನ್ಸೇಟ್ 90, ಇವೆರಡೂ ಬೆರೆತು ಬಾಯ್ಲರಿಗೆ ಹೋಗುವ ಫೀಡ್ ಟ್ಯಾಂಕ್ 81. ಅಂದರೆ 81ರಿಂದಲೂ 90ರಿಂದಲೂ 30 ಕಳೆದು, 51ನ್ನು 60ರಿಂದ ಭಾಗಿಸಿ ಶೇ. 85. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಟ್ಯಾಂಕಿಗೆ ಬೇರೆ ಕಡೆಯಿಂದ ಬಿಸಿ ಸೇರದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ, ಅಲ್ವಾ? ನಮ್ಮ ಟ್ಯಾಂಕಿನ ತಳದಲ್ಲಿ ಸ್ಪಾರ್ಜರ್ (ನೀರಿನೊಳಗೆ ಸ್ಟೀಮ್ ಬಿಡುವ ತೂತಿನ ಪೈಪ್) ಇದೆ. ನೀರಿನ ಆಕ್ಸಿಜನ್ ಕಮ್ಮಿ ಮಾಡಲು ಲೈವ್ ಸ್ಟೀಮ್ ಬಿಡುತ್ತೇವೆ. ಅವತ್ತೂ ವಾಲ್ವ್ ತೆರೆದೇ ಇತ್ತು. ಆ ಗುಡುಗುಡು ಸದ್ದಿನ ಪಕ್ಕದಲ್ಲೇ ನಿಂತು ಅವರು ಥರ್ಮಾಮೀಟರ್ ಇಳಿಸಿದರು! ಬಾಯ್ಲರ್ ಕೊಟ್ಟ ಬಿಸಿಯನ್ನೇ ಕಂಡೆನ್ಸೇಟ್ ತಂದ ಬಿಸಿ ಅಂತ ಬರೆದುಕೊಂಡಿದ್ದಾರೆ.

ನಾವು ಕಂಡಕ್ಟಿವಿಟಿ (ನೀರಿನ ವಿದ್ಯುತ್ ವಾಹಕತೆ; ಕರಗಿದ ಲವಣ ಹೆಚ್ಚಿದ್ದಷ್ಟೂ ಹೆಚ್ಚು) ಹಿಡಿದು ನೋಡಿದೆವು. ಕೆಮಿಕಲ್ ಡೋಸಿಂಗ್ ಆಗುವ ಜಾಗಕ್ಕಿಂತ ಮುಂಚೆಯೇ ಸ್ಯಾಂಪಲ್ ತೆಗೆದೆವು, ಇಲ್ಲದಿದ್ದರೆ ಕೆಮಿಕಲ್ಲೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೇಕಪ್ ನೀರು 600 ಮೈಕ್ರೋಸೀಮೆನ್ಸ್, ಕಂಡೆನ್ಸೇಟ್ 20, ಫೀಡ್ ನೀರು 252. ಮೇಕಪ್‌ನಿಂದ ಫೀಡ್ ಕಳೆದರೆ 348, ಮೇಕಪ್‌ನಿಂದ ಕಂಡೆನ್ಸೇಟ್ ಕಳೆದರೆ 580. ಭಾಗಿಸಿದರೆ ಶೇ. 60. ಈ 60ರೊಳಗೂ ಸ್ಪಾರ್ಜರ್ ಸ್ಟೀಮ್ ನೀರಾಗಿ ಬೆರೆತಿದೆ. ಟ್ಯಾಂಕಿನ ಬಿಸಿಯ ಲೆಕ್ಕ ಹಾಕಿದರೆ ಅದು ಸುಮಾರು 3 ಬರುತ್ತದೆ. ಹಾಗಾಗಿ ನಿಜವಾದ ರಿಟರ್ನ್ ಶೇ. 57ರ ಆಸುಪಾಸು.

ಸಾಫ್ಟ್‌ನರ್ ಮೀಟರೂ (ಹೊಸ ನೀರನ್ನು ಮೆದುಗೊಳಿಸುವ ಘಟಕದ ಮೀಟರ್) ಇದನ್ನೇ ಹೇಳುತ್ತದೆ. ಒಂದು ದಿನಕ್ಕೆ ಫೀಡ್ ನೀರು 120 ಘನ ಮೀಟರ್, ಅದರಲ್ಲಿ ಹೊಸ ನೀರು 48. ಶೇ. 40 ಹೊಸ ನೀರೇ ಇರುವಾಗ 85 ವಾಪಸ್ ಬರುವುದು ಹೇಗೆ? ಫೀಡ್ ನೀರಿನದು, ಹೊಸ ನೀರಿನದು, ಈ ಎರಡೂ ಮೀಟರ್ ಗೋಡೆಯ ಮೇಲೇ ಇವೆ. ಅವತ್ತು ಯಾರೂ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಅಳತೆಯೇ ಬೇಡ, ವೆಂಟ್ ಪೈಪ್ ನೋಡಿದ್ದರೂ ಅನುಮಾನ ಬರಬೇಕಿತ್ತು. 7 ಬಾರ್ ಒತ್ತಡದ ಕಂಡೆನ್ಸೇಟ್ ತೆರೆದ ಟ್ಯಾಂಕಿಗೆ ಬಿದ್ದರೆ ಒತ್ತಡ ಇಳಿದು ಶೇ. 13ರಷ್ಟು ಕೂಡಲೇ ಕುದಿದು ಫ್ಲ್ಯಾಶ್ ಸ್ಟೀಮ್ ಆಗಿ ಹಾರಿಹೋಗುತ್ತದೆ. ನಮ್ಮಲ್ಲಿ ಅದನ್ನು ಹಿಡಿಯುವ ವ್ಯವಸ್ಥೆ ಇಲ್ಲ. ಜೊತೆಗೆ ಕೆಲವು ಮಷೀನುಗಳಲ್ಲಿ ಸ್ಟೀಮನ್ನು ನೇರವಾಗಿ ಬಿಸಿನೀರಿಗೇ ಬಿಡುತ್ತೇವೆ. ಅದಂತೂ ವಾಪಸ್ ಬರುವ ಮಾತೇ ಇಲ್ಲ.

ಕಾಗದದ ಮೇಲಿನ ತಪ್ಪಾಗಿದ್ದರೆ ಫೋನಿನಲ್ಲೇ ಹೇಳಿ ಸುಮ್ನೆ ಇರುತ್ತಿದ್ದೆವು. ಆದರೆ ಬ್ಲೋಡೌನ್ ಇಳಿಸಿದ್ದು ನಿಜವಾದ ಬಾಯ್ಲರ್‌ನಲ್ಲಿ. ರಿಟರ್ನ್ 85 ಅಂದುಕೊಂಡರೆ ಫೀಡ್ ನೀರು 107 ಮೈಕ್ರೋಸೀಮೆನ್ಸ್ ಇರಬೇಕು. ಬಾಯ್ಲರ್ ನೀರಿನ ಮಿತಿ 5000ಕ್ಕೆ ಆಗ ಸ್ಟೀಮಿನ ಶೇ. 2.2 ಬ್ಲೋಡೌನ್ ಸಾಕು. ನಮ್ಮ 252ಕ್ಕೆ ಬೇಕಿರುವುದು ಶೇ. 5.3. ಅರ್ಧಕ್ಕಿಂತ ಕಮ್ಮಿ ಬಿಟ್ಟರೆ ಏನಾಗುತ್ತದೋ ಅದೇ ಆಯಿತು. ಬಾಯ್ಲರ್ ನೀರು 5000 ದಾಟಿತು, ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ನಿಲ್ಲದೆ ಕುಣಿಯತೊಡಗಿತು, ಸ್ಟೀಮ್ ಲೈನಿಗೆ ನೀರು ಹೊತ್ತು ಬಂತು. ನಮ್ಮ ಆಪರೇಟರ್ ಬೇಗ ಗಮನಿಸಿ ಬ್ಲೋಡೌನ್ ಹೆಚ್ಚಿಸಿದ್ದರಿಂದ ಟ್ಯೂಬ್‌ಗಳಿಗೆ ಏನೂ ಆಗಲಿಲ್ಲ.

ವರದಿಯಲ್ಲಿ "ರಿಟರ್ನ್ ಉತ್ತಮವಾಗಿದೆ, ಸುಧಾರಣೆ ಅಗತ್ಯವಿಲ್ಲ" ಎಂಬ ಸಾಲೂ ಇದೆ. ಇದರಿಂದ ಟ್ರ್ಯಾಪ್ (ಸ್ಟೀಮ್ ತಡೆದು ಕಂಡೆನ್ಸೇಟ್ ಮಾತ್ರ ಬಿಡುವ ವಾಲ್ವ್) ರಿಪೇರಿಗೆ ನಾವು ಕೇಳಿದ್ದ ಹಣ ಮೇಲಿನವರ ಟೇಬಲ್ ಮೇಲೇ ಕೂತಿದೆ. ನಿಜ ಹೇಳಬೇಕೆಂದರೆ ನಮಗೆ ಇದೇ ಜಾಸ್ತಿ ಬೇಸರ.

ದಯವಿಟ್ಟು ಈ ವರದಿಯನ್ನು ಹಿಂಪಡೆಯಿರಿ. ಸ್ಪಾರ್ಜರ್ ವಾಲ್ವ್ ಮುಚ್ಚಿ, ಟ್ಯಾಂಕ್ ನೀರು ಪೂರ್ತಿ ಬದಲಾಗುವವರೆಗೆ ಕಾದು, ಕಂಡಕ್ಟಿವಿಟಿ ಮತ್ತು ಮೀಟರ್ ಎರಡರಿಂದಲೂ ಲೆಕ್ಕ ಹಾಕಿ, ನಮ್ಮ ಆಪರೇಟರ್ ಎದುರಲ್ಲೇ ರೀಡಿಂಗ್ ಬರೆದು ಹೊಸ ವರದಿ ಕೊಡಿ. ಅದಕ್ಕೆ ಬೇರೆ ವಿಸಿಟ್ ಚಾರ್ಜ್ ಹಾಕಬೇಡಿ. ಹೊಸ ವರದಿ ಕೈಸೇರುವವರೆಗೆ ಆಡಿಟ್ ಬಿಲ್ ತಡೆಹಿಡಿಯಲು ಅಕೌಂಟ್ಸ್ ವಿಭಾಗಕ್ಕೆ ಬರೆದಿದ್ದೇವೆ. ರೀಡಿಂಗ್‌ಗಳ ಲಾಗ್‌ಶೀಟ್ ಪ್ರತಿ ಈ ಪತ್ರದ ಜೊತೆಗಿದೆ.

ಇಂತಿ,
ಬಾಯ್ಲರ್ ಹೌಸ್ ಉಸ್ತುವಾರಿ