ಕಾಮ್ರೇಡನಿಗೊಂದು ಪತ್ರ, ನಾರ್ತ್ ಆಡಮ್ಸ್‌ನಿಂದ

ಲೇ ಕಾಮ್ರೇಡ್,

ಎಲ್ರೆದುರಿಗೇ ಬರೀತಿದೀನಿ, ನಿನ್ನೊಬ್ನಿಗೇ ಕಳ್ಸಿದ್ರೆ ನೀನು ಓದೋದು ಮುಂದಿನ ಯುಗಾದಿಗೆ. ಛತ್ರಿ ಮೇಷ್ಟ್ರಾಣೆ, ಪೂರ್ತಿ ಓದು.

ಮೊನ್ನೆ ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್ ಅನ್ನೋ ಸಣ್ಣ ಊರಿಗೆ ಹೋಗಿದ್ವಿ, ಅಲ್ಲಿ ಮಾಸ್ ಮೋಕಾ ಅಂತ ಮ್ಯೂಸಿಯಂ ಐತಿ. ಮೊದ್ಲು ಬಟ್ಟೆಗೆ ಪ್ರಿಂಟ್ ಹಾಕೋ ಫ್ಯಾಕ್ಟರಿ ಅದು, 1942ರಿಂದ ಸ್ಪ್ರೇಗ್ ಅನ್ನೋ ಕಂಪನಿ ಅಲ್ಲೇ ಕೆಪಾಸಿಟರ್ ಅನ್ನೋ ಎಲೆಕ್ಟ್ರಾನಿಕ್ ಬಿಡಿಭಾಗ ಮಾಡ್ತಿತ್ತು, ಸುಮಾರು 18000 ಜನ ಇದ್ದ ಊರಲ್ಲಿ 4000ಕ್ಕೂ ಹೆಚ್ಚು ಜನ ಅಲ್ಲೇ ದುಡೀತಿದ್ರಂತೆ. 1985ರಲ್ಲಿ ಬಾಗ್ಲು ಹಾಕಿದ್ರು. 1999ರಲ್ಲಿ ಅದೇ ಬಾಗ್ಲು ತೆಗೆದಾಗ ಒಳಗೆಲ್ಲ ಆರ್ಟು.

ಸಾಲ್ ಲೆವಿಟ್ ಅನ್ನೋ ಕಲಾವಿದನ 105 ಗೋಡೆಚಿತ್ರ ಮೂರು ಮಹಡಿ ತುಂಬ ಅವೆ, 2043ರವರೆಗೂ ಇರ್ತಾವಂತೆ. ಮಜಾ ಏನಂದ್ರೆ ಆತ ಹಿಂಗ್ ಹಿಂಗೆ ಮಾಡಿ ಅಂತ ಬರೆದಿಟ್ಟ ಅಷ್ಟೆ, ತಿಂಗಳುಗಟ್ಲೆ ನಿಂತು ಗೆರೆ ಎಳೆದೋರು ಬೇರೆ ಕಲಾವಿದರು, ಸ್ಟೂಡೆಂಟ್ಸು. ನೀನಿದ್ದಿದ್ರೆ ಅಲ್ಲೇ ಯೂನಿಯನ್ ಕಟ್ತಿದ್ದೆ.

ನಂಗೆ ತಲೆಕೆಟ್ಟಿದ್ದು ಬಾಯ್ಲರ್ ಹೌಸಲ್ಲಿ. ತುಕ್ಕು ಹಿಡಿದ ಬಾಯ್ಲರು, ಪೈಪು ಎಲ್ಲ ಹಂಗೇ ಬಿಟ್ಟಿದಾರೆ, ಜನ ಫೋಟೋ ತೆಗೀತಾರೆ, ನಾನೂ ತೆಗೆದೆ, ಹೆಂಡ್ತಿ ಎಷ್ಟ್ ಚೆನ್ನಾಗೈತಲ್ಲ ಅಂದ್ಲು, ಹ್ಞೂಂ ಅಂದೆ, ಆಮೇಲೆ ಮಾತೇ ಹೊರಡ್ಲಿಲ್ಲ. ದಾವಣಗೆರೆ ನೆನಪಾತು. ಮಿಲ್ಲು ಮುಚ್ಚಿದಾಗ ನಿಮ್ಮನೇಲೂ ನಮ್ಮನೇಲೂ ಸಾವಾದಂಗೆ ಕೂತಿದ್ರಲ್ಲ, ಆಗ ನಂಗೆ ಒಳಗೊಳಗೇ ಖುಷಿ ಆಗಿತ್ತು ಕಣೋ. ರಾತ್ರಿ ಪಾಳಿ ಇಲ್ಲ, ಅಪ್ಪ ಮಲಗ್ಯಾರೆ ಸದ್ದು ಮಾಡಬ್ಯಾಡ ಅನ್ನೋರಿಲ್ಲ, ತಲೇಲಿ ಅರಳೆ ಧೂಳಿಲ್ದಿರೋ ಅಪ್ಪನ್ನ ನೋಡಿದ್ದೇ ಆಗ. ಅವ್ವ ಬಳೆ ಅಡ ಇಟ್ಟಿದ್ದು ಗೊತ್ತಿತ್ತು, ಗೊತ್ತಿದ್ದೂ ಖುಷಿ. ಈಗ್ಲೂ ಆ ದಿನ ನೆನೆಸ್ಕೊಂಡ್ರೆ ಮೊದ್ಲು ಬರೋದು ಅದೇ, ದುಃಖ ಆಮೇಲೆ ಬರ್ತೈತಿ. ನಾರ್ತ್ ಆಡಮ್ಸಲ್ಲೂ 1985ರಲ್ಲಿ ಅಂಥ ಹುಡುಗ ಒಬ್ನಾದ್ರೂ ಇರ್ಬೇಕಲ್ಲ, ಅವನು ಟಿಕೆಟ್ ತಗೊಂಡು ಇಲ್ಲಿಗೆ ಬರ್ತಾನಾ?

ಇಷ್ಟೆಲ್ಲ ಬರೀಬೇಕು ಅಂತ ಕೂತಿರ್ಲಿಲ್ಲ. ಅಪ್ಪಂಗೆ ಫೇಸ್‌ಬುಕ್ ಇಲ್ಲ ಅನ್ನೋದೊಂದೇ ಧೈರ್ಯ. ಸೋದರತ್ತೆಗೆ ಐತಿ, ಆದ್ರೆ ಅವ್ರು ಏನೂ ಓದದೇ ಶುಭೋದಯ ಅಂತ ಹಾಕಿ ಹೋಗ್ತಾರೆ. ಅತ್ತೆ, ಇವತ್ತೂ ಹಂಗೇ ಮಾಡ್ರಿ. ಕಾಮ್ರೇಡ್, ನೀನು ಸಮಾಧಾನ ಗಿಮಾಧಾನ ಹೇಳೋಕ್ ಬರಬ್ಯಾಡ, ಆ ಇನ್ನೂರು ರೂಪಾಯಿ ಕೊಡೋದು ಕೊಡು.

ನಿನ್ನ,
ಬೂರ್ಜ್ವಾ