ಹೆಸರಿಲ್ಲದ ಮಾತ್ರೆ ಕೊಡುವವರನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯ ಪ್ರಕರಣದ ಬಗ್ಗೆ ನಿನ್ನೆ ನೀವು ಪ್ರಕಟಿಸಿದ ವರದಿ ಓದಿ ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ. ಮಾತ್ರೆ ನುಂಗಿ ಮೈತುಂಬ ಬೊಬ್ಬೆ ಎದ್ದಿತು ಎಂದಿದೆ, ಯಾವ ಮಾತ್ರೆ ಎಂಬುದಿಲ್ಲ. ಅದು ವರದಿಗಾರರ ತಪ್ಪಲ್ಲ. ರೋಗಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಕೇಳಿದಾಗ ತೋರಿಸಲು ಅವರ ಕೈಯಲ್ಲಿದ್ದದ್ದು ಕತ್ತರಿ ಹಾಕಿದ ಸ್ಟ್ರಿಪ್ಪಿನ ಒಂದು ತುಂಡು. ಆ ತುಂಡಿನ ಹಿಂಬದಿಯಲ್ಲಿ ಅರ್ಧ ಅಕ್ಷರ, ಎಂಆರ್‌ಪಿಯ ಒಂದು ಅಂಕಿ. ಭೇದಿಗೆಂದು ಅಂಗಡಿಯಲ್ಲೇ ಕೊಟ್ಟ ಮಾತ್ರೆ. ವೈದ್ಯರ ಚೀಟಿಯಿಲ್ಲ, ಬಿಲ್ಲೂ ಇಲ್ಲ.

ತುಟಿಯ ಮೇಲಿದ್ದ ಹಳೆಯ ಕಪ್ಪು ಕಲೆ ಮೊದಲು ಉರಿದು ಊದಿಕೊಂಡಿತು, ಆಮೇಲೆ ಮೈಗೆ ಹಬ್ಬಿತು ಎಂದು ನೀವೇ ಬರೆದಿದ್ದೀರಿ. ಯಾವ ಮಾತ್ರೆಯಿರಬಹುದೆಂದು ಊಹಿಸಲು ನನ್ನಂಥ ಫಾರ್ಮಸಿಸ್ಟರಿಗೆ ಅಷ್ಟು ಸಾಕು. ಭೇದಿಗೆ ನಮ್ಮ ಕಡೆ ಕಣ್ಣುಮುಚ್ಚಿ ಕೊಡುವುದು ಆಫ್ಲಾಕ್ಸಾಸಿನ್ 200, ಆರ್ನಿಡಜೋಲ್ 500 ಮಿಲಿಗ್ರಾಂ ಸೇರಿದ ಜೋಡಿ ಆಂಟಿಬಯೋಟಿಕ್ ಮಾತ್ರೆ. ಆ ಎರಡರಲ್ಲಿ ಯಾವುದಾದರೂ ಮೈಗೆ ಒಗ್ಗದಿದ್ದರೆ ಮೊದಲ ಸಲ ತುಟಿ, ಅಂಗೈ ಅಥವಾ ಗುಪ್ತಾಂಗದ ಮೇಲೆ ನಾಣ್ಯದಗಲದ, ನೇರಳೆ ಬಣ್ಣಕ್ಕೆ ತಿರುಗಿದ ದುಂಡು ಕಲೆ ಏಳಬಹುದು. ಉರಿ ಇಳಿದರೂ ಕಪ್ಪು ತಿಂಗಳುಗಟ್ಟಲೆ ಹೋಗುವುದಿಲ್ಲ. ಅದೇ ಔಷಧ ಮತ್ತೆ ಒಳಗೆ ಹೋದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಅದೇ ಜಾಗ ಕೆಂಪಾಗಿ ಊದುತ್ತದೆ, ಪಕ್ಕದಲ್ಲಿ ಹೊಸ ಕಲೆಗಳೂ ಏಳಬಹುದು. ಹೀಗೆ ಮತ್ತೆ ಮತ್ತೆ ಆದವರಲ್ಲಿ ಕೆಲವರಿಗೆ ಮೈತುಂಬ ನೀರ್ಗುಳ್ಳೆ ಎದ್ದು ಸಿಪ್ಪೆ ಸುಲಿಯುವ ಹಂತಕ್ಕೆ ಹೋಗುತ್ತದೆ. ವಯಸ್ಸಾದವರಿಗೆ ಅದು ಪ್ರಾಣಕ್ಕೇ ಕುತ್ತು.

ಮೊದಲ ಕಲೆ ಎದ್ದಾಗ ಮನೆಯಲ್ಲಿ ಹೇಳುವುದೇನು? ಉಷ್ಣ, ಪಿತ್ತ, ಎಳನೀರು ಕುಡಿ. ಗುಪ್ತಾಂಗದ ಮೇಲೆ ಎದ್ದರಂತೂ ಲೈಂಗಿಕ ರೋಗವೆಂದು ಗಂಡ ಹೆಂಡಿರ ನಡುವೆ ಅನುಮಾನ ಹುಟ್ಟುತ್ತದೆ, ಯಾರಿಗೂ ತೋರಿಸುವುದಿಲ್ಲ. ಅಂಗಡಿಯವರು ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೊಟ್ಟು ಕಳಿಸುತ್ತಾರೆ. ಮುಂದಿನ ಭೇದಿಗೆ ಇನ್ನೊಂದು ಕಂಪನಿಯ ಅದೇ ಔಷಧ! ಬ್ರ್ಯಾಂಡ್ ಬದಲಾದರೆ ಔಷಧ ಬದಲಾಗುವುದಿಲ್ಲ. ಆರ್ನಿಡಜೋಲ್ ಆಗದವರಿಗೆ ಅದೇ ಗುಂಪಿನ ಟಿನಿಡಜೋಲ್, ಮೆಟ್ರೊನಿಡಜೋಲ್ ಕೂಡ ಆಗದಿರಬಹುದು. ಆಫ್ಲಾಕ್ಸಾಸಿನ್ ಆಗದವರು ಅದರ ಗುಂಪಿನ ಸಿಪ್ರೊಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್ ನುಂಗುವ ಮೊದಲೂ ವೈದ್ಯರನ್ನು ಕೇಳಬೇಕು. ಹೆಸರೇ ಗೊತ್ತಿಲ್ಲದವರು ಏನೆಂದು ಕೇಳುತ್ತಾರೆ?

ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಇರುತ್ತದೆ. ಅಂಗಡಿಯವರು ಆ ತುದಿಯನ್ನು ತಮ್ಮ ಲೆಕ್ಕಕ್ಕೆ ಉಳಿಸಿಕೊಂಡು ಇನ್ನೊಂದು ಕಡೆಯಿಂದ ಎರಡು, ಮೂರು ಕತ್ತರಿಸಿ ಕೊಡುತ್ತಾರೆ. ಬಡವರು ಹತ್ತು ಮಾತ್ರೆ ಕೊಳ್ಳಲಾರರು, ಬಿಡಿಯಾಗಿ ಕೊಡಲಿ. ಆದರೆ ಪೊಟ್ಟಣದ ಮೇಲೆ ಔಷಧದ ಮೂಲ ಹೆಸರು, ಮಿಲಿಗ್ರಾಂ, ಬ್ಯಾಚ್ ನಂಬರ್, ತಾರೀಖು ಬರೆಯಲು ಅರ್ಧ ನಿಮಿಷ ಸಾಕು. ಅದನ್ನು ಕನ್ನಡದಲ್ಲೇ ಬರೆಯಿರಿ. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಔಷಧದ ವಿವರ ತೋರಿಸುವ ಕ್ಯೂಆರ್ ಕೋಡ್ ಕಡ್ಡಾಯವೆಂದು ಸರ್ಕಾರದವರು ದೊಡ್ಡದಾಗಿ ಹೇಳಿಕೊಂಡರು. ಕತ್ತರಿಸಿದ ತುಂಡಿನಲ್ಲಿ ಆ ಕೋಡೇ ಬರದಿದ್ದರೆ ಅದು ಯಾರ ಉಪಯೋಗಕ್ಕೆ?

ಔಷಧ ನಿಯಂತ್ರಣದವರು ತಪಾಸಣೆಗೆ ಬಂದರೆ ನೋಡುವುದು ಶೆಡ್ಯೂಲ್ ಎಚ್‌1 (ಮಾರಿದ ಲೆಕ್ಕ ಬರೆದಿಡಲೇಬೇಕಾದ ಔಷಧಗಳ ಪಟ್ಟಿ) ರಿಜಿಸ್ಟರ್. 2014ರ ಮಾರ್ಚ್‌ನಿಂದ ಇರುವ ನಿಯಮ: ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಆಗ ಮಾಡಿದ ಪಟ್ಟಿಯಲ್ಲಿ ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಇತ್ತು. ಮೈಮೇಲೆ ದದ್ದು ಎಬ್ಬಿಸುವುದರಲ್ಲಿ ಮುಂದಿರುವ ಅಮಾಕ್ಸಿಸಿಲಿನ್ ಇಲ್ಲ, ಸಲ್ಫಾ ಸೇರಿದ ಕೋಟ್ರೈಮಾಕ್ಸಜೋಲ್ ಇಲ್ಲ, ಈ ಆಫ್ಲಾಕ್ಸಾಸಿನ್ ಜೋಡಿಯೂ ಇಲ್ಲ. ಹಾಗೆಂದು ಅವನ್ನು ಚೀಟಿಯಿಲ್ಲದೆ ಮಾರಬಹುದೆಂದಲ್ಲ, ಅವು ಶೆಡ್ಯೂಲ್ ಎಚ್, ಅಂದರೆ ಚೀಟಿ ಇದ್ದರಷ್ಟೇ ಕೊಡಬೇಕಾದ ಔಷಧಗಳು. ಅದನ್ನು ನೋಡುವವರು ಯಾರು? ಫಾರ್ಮಸಿಸ್ಟ್‌ನ ಸರ್ಟಿಫಿಕೇಟ್ ಗೋಡೆಯ ಮೇಲೆ ತೂಗುತ್ತಿದ್ದರೆ ಸಾಕೇ? ಕೌಂಟರಿನಲ್ಲಿ ನಿಂತ ಹುಡುಗ ಯಾರೆಂದು ಒಮ್ಮೆಯಾದರೂ ಕೇಳಿದ್ದೀರಾ?

ಈಗ ಬೀದಿಯವರೆಲ್ಲ ಹೆದರಿದ್ದಾರೆ. ಮನೆಯಲ್ಲಿದ್ದ ತುಂಡುಗಳನ್ನೆಲ್ಲ ಹಿಡಿದು ಹೊತ್ತು ಗೊತ್ತಿಲ್ಲದೆ ನಮ್ಮ ಬಾಗಿಲಿಗೆ ಬರುತ್ತಾರೆ, ಇದು ಯಾವುದು ನೋಡಿ ಎನ್ನುತ್ತಾರೆ. ಹೇಳಲು ಆಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರ ಜಾಗ ಖಾಲಿ. ಜಿಲ್ಲಾ ಆಸ್ಪತ್ರೆಗೆ ಹೋದರೆ ಟೋಕನ್ನಿಗೆ ಬೆಳಿಗ್ಗೆ, ವೈದ್ಯರಿಗೆ ಮಧ್ಯಾಹ್ನ, ಒಂದು ದಿನದ ಕೂಲಿ ಖೋತಾ. ಇಷ್ಟಕ್ಕೂ ಈ ಭೇದಿ ಬಂದದ್ದು ಎಲ್ಲಿಂದ? ಚರಂಡಿಯೊಳಗೇ ಹಾದುಹೋಗುವ ಕುಡಿಯುವ ನೀರಿನ ಪೈಪಿನಿಂದ. ಪುರಸಭೆಗೆ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಸೀಲು ಬಿಟ್ಟರೆ ಬೇರೇನೂ ಬಂದಿಲ್ಲ. ಮುಖ್ಯಾಧಿಕಾರಿಗಳು ಆ ನೀರು ಕುಡಿಯುತ್ತಾರೆಯೇ? ಸಾಧಾರಣ ಭೇದಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್ ಸಾಕು, ಮಕ್ಕಳಿಗೆ ಜೊತೆಗೆ ಜಿಂಕ್. ಆಂಟಿಬಯೋಟಿಕ್ ಬೇಕಾಗುವುದು ಕೆಲವರಿಗೆ ಮಾತ್ರ.

ಓದುಗರಿಗೆ ಒಂದು ಮಾತು. ದದ್ದು ಕಂಡರೆ ಮುಂದಿನ ಡೋಸ್ ನುಂಗದೆ ಅಂದೇ ವೈದ್ಯರಿಗೆ ತೋರಿಸಿ. ಕಲೆಯ ಫೋಟೊ ತೆಗೆದಿಡಿ, ಔಷಧ ಶುರುಮಾಡಿದ ದಿನ ಬರೆದಿಡಿ. ಬಾಯಿ, ಕಣ್ಣು ಹುಣ್ಣಾದರೆ, ಜ್ವರದ ಜೊತೆ ಚರ್ಮ ನೋಯುತ್ತಿದ್ದರೆ, ಗುಳ್ಳೆ ಎದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಮುಖ ಊದಿ ಉಸಿರು ಕಟ್ಟಿದರೆ ಅಲರ್ಜಿಗೆಂದು ಕೊಡುವ ಏವಿಲ್, ಡೆಕಾಡ್ರಾನ್ ಸೂಜಿ ಸಾಲದು. ದೊಡ್ಡವರಿಗೆ ಮೊದಲು ತೊಡೆಯ ಹೊರಬದಿಗೆ ಅರ್ಧ ಎಂಎಲ್ ಅಡ್ರಿನಲಿನ್ ಹೋಗಬೇಕು, ಅದು ಪ್ರತಿ ಕ್ಲಿನಿಕ್ಕಿನಲ್ಲೂ ಇರಬೇಕು. ಔಷಧದ ಅಡ್ಡಪರಿಣಾಮವನ್ನು ರೋಗಿಗಳೇ 1800-180-3024 ಸಂಖ್ಯೆಗೆ ತಿಳಿಸಬಹುದು. ಈ ಸಂಖ್ಯೆಯನ್ನು ಯಾವ ಅಂಗಡಿಯೂ ಕಣ್ಣಿಗೆ ಕಾಣುವಂತೆ ಹಾಕಿಲ್ಲ.

ಆ ಅಂಗಡಿಯ ಮೇಲೆ ಕ್ರಮ ಆಗಲಿ. ಬರೀ ಆ ಅಂಗಡಿಯ ಮೇಲಲ್ಲ, ತಪಾಸಣೆಗೆ ಬಂದು ರಿಜಿಸ್ಟರಿಗೆ ಸಹಿ ಹಾಕಿ ಹೋದವರ ಮೇಲೂ ಆಗಲಿ. ನೀರಿನ ಪೈಪನ್ನು ಈ ವಾರವೇ ಬದಲಿಸಲಿ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ, ಸಂಬಳ ಎಣಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಒಬ್ಬ ಫಾರ್ಮಸಿಸ್ಟ್ (ಹೆಸರು ಪ್ರಕಟಿಸಬೇಡಿ)